ಕೆಂಪು ಬಣ್ಣ ಬಳಿದರೆ ನೀರು ಬರುವುದಿಲ್ಲ

ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯಲ್ಲಿ ಬೆಂಕಿ ಆರಿಸುವ ಹೈಡ್ರಂಟ್‌ನ ಮಾತೆತ್ತಿ ನೋಡಿ. ‘ಬಿಲ್ಡರ್ ಅಗ್ನಿಶಾಮಕ ಇಲಾಖೆಯ ಎನ್‌ಒಸಿ ತೋರಿಸಿಯೇ ವಾಸದ ಅನುಮತಿ (ಓಸಿ) ಪಡೆದಿದ್ದಾರೆ, ಇನ್ನೇನು ಬೇಕು?’ ಎಂದು ಒಬ್ಬರು ಕೇಳುತ್ತಾರೆ. ‘ವರ್ಷದ ನಿರ್ವಹಣೆಗೆ ಎಎಂಸಿ ಕೊಟ್ಟಿದ್ದೇವಲ್ಲ, ಅವರು ನೋಡಿಕೊಳ್ಳುತ್ತಾರೆ’ ಎಂದು ಕಾರ್ಯದರ್ಶಿ ಸಮಾಧಾನ ಹೇಳುತ್ತಾರೆ. ‘ಬೆಂಕಿ ಬಿದ್ದರೆ ಫೈರ್ ಎಂಜಿನ್ ಬಂದೇ ಬರುತ್ತದೆ’ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಇಂಥ ಮಾತುಗಳೆಲ್ಲ ಕೂಡಿಕೊಂಡು ಈಗ ಒಂದು ಸಿದ್ಧಾಂತವೇ ಆಗಿದೆ. ಖಾಸಗಿ ಆವರಣದ ಹೈಡ್ರಂಟ್ ಆಯಾ ಕಟ್ಟಡದವರ ಸ್ವಂತ ವಿಷಯ. ಅದರ ತಪಾಸಣೆಗೆ ಪಾಲಿಕೆಯಾಗಲಿ ಅಗ್ನಿಶಾಮಕ ಇಲಾಖೆಯಾಗಲಿ ವರ್ಷವರ್ಷ ಕಟ್ಟಳೆ ಹೇರಿದರೆ ಅದು ದಂಡದ ಖರ್ಚು, ಕಿರುಕುಳ, ಲಂಚಕ್ಕೆ ಇನ್ನೊಂದು ದಾರಿ. ಬಿಲ್ಡರ್‌ಗಳು ಹೀಗೆ ವಾದಿಸಿದರೆ ಅರ್ಥವಾಗುತ್ತದೆ. ಹದಿನಾಲ್ಕನೇ ಮಹಡಿಯಲ್ಲಿ ಮಕ್ಕಳನ್ನು ಮಲಗಿಸುವವರೂ ಹೀಗೇ ವಾದಿಸುತ್ತಿದ್ದಾರಲ್ಲ, ಅದು ನನ್ನನ್ನು ಕಂಗೆಡಿಸುತ್ತದೆ. ಈ ಸಿದ್ಧಾಂತ ಬುಡದಿಂದಲೇ ತಪ್ಪು.

ಮೊದಲು ಫೈರ್ ಎಂಜಿನ್ನಿನ ಭರವಸೆಯನ್ನೇ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಬರುವ ದೊಡ್ಡ ವಾಟರ್ ಟೆಂಡರ್ 4,500 ಲೀಟರ್ ನೀರು ಹೊತ್ತು ತರುತ್ತದೆ. 63 ಮಿಲಿಮೀಟರ್ ಹೋಸ್‌ಗೆ 20 ಮಿಲಿಮೀಟರ್ ನಾಝಲ್ ಸಿಕ್ಕಿಸಿ ಚದರ ಸೆಂಟಿಮೀಟರಿಗೆ ಮೂರೂವರೆ ಕೆಜಿ ಒತ್ತಡದಲ್ಲಿ ಬಿಟ್ಟರೆ ನಿಮಿಷಕ್ಕೆ ಸುಮಾರು 500 ಲೀಟರ್ ಹರಿಯುತ್ತದೆ. ಒಂದೇ ಹೋಸ್ ಹಿಡಿದರೂ ಒಂಬತ್ತು ನಿಮಿಷಕ್ಕೆ ಗಾಡಿ ಬರಿದು. ಎರಡು ಹಿಡಿದರೆ ನಾಲ್ಕೂವರೆ ನಿಮಿಷ. ಮುಂದಿನ ಗಾಡಿ ಔಟರ್ ರಿಂಗ್ ರಸ್ತೆಯ ಸಂಜೆಯ ವಾಹನಗಳ ನಡುವೆ ಎಲ್ಲಿದೆಯೋ! ಗಾಡಿ ಬರಿದಾದರೆ ಸಿಕ್ಕಿಸಿಕೊಳ್ಳಲು, ನೆಚ್ಚಿಕೊಳ್ಳುವಂಥ ಸಾರ್ವಜನಿಕ ಹೈಡ್ರಂಟ್ ಜಾಲ ನಮ್ಮ ರಸ್ತೆಗಳಲ್ಲಿಲ್ಲ. ಎತ್ತರದ ಲೆಕ್ಕ ಬೇರೆ ಇದೆ. ನೀರು ಹತ್ತು ಮೀಟರ್ ಮೇಲೇರಿದರೆ ಸುಮಾರು ಒಂದು ಕೆಜಿ ಒತ್ತಡ ಕಳೆದುಕೊಳ್ಳುತ್ತದೆ. ಹದಿನಾಲ್ಕನೇ ಮಹಡಿಗೆ ಹೋಗುವಷ್ಟರಲ್ಲಿ ನಾಲ್ಕು ಕೆಜಿ ಹೋಯಿತು. ಮೆಟ್ಟಿಲುಗಳ ಮೇಲೆ ಒಂದಕ್ಕೊಂದು ಹೋಸ್ ಜೋಡಿಸಿಕೊಂಡು, ಹೊಗೆಯಲ್ಲಿ, ಉಸಿರಾಟದ ಸಿಲಿಂಡರ್ ಬೆನ್ನಿಗೆ ಹೊತ್ತು ಹತ್ತುವ ಅಗ್ನಿಶಾಮಕ ಸಿಬ್ಬಂದಿಗೆ ಮೇಲೆ ತಲುಪಿದ ಮೇಲೆ ಎಷ್ಟು ನೀರು ಸಿಕ್ಕೀತು?

ಅದಕ್ಕಾಗಿಯೇ ಕಟ್ಟಡದೊಳಗೆ ರೈಸರ್ ಪೈಪ್ ಇರುತ್ತದೆ, ಪ್ರತಿ ಮಹಡಿಯಲ್ಲಿ ವಾಲ್ವ್ ಇರುತ್ತದೆ, ನೆಲಮಾಳಿಗೆಯಲ್ಲಿ ಪಂಪ್ ರೂಮ್ ಇರುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ದೊಡ್ಡ ಕಟ್ಟಡಗಳಿಗೆ ನಿಮಿಷಕ್ಕೆ 2,280 ಲೀಟರ್ ತಳ್ಳುವ ಪಂಪ್ ಇಡಿ, ಅತಿ ದೂರದ ತುದಿಯಲ್ಲೂ ಮೂರೂವರೆ ಕೆಜಿ ಒತ್ತಡ ಉಳಿಯಬೇಕು ಎನ್ನುತ್ತದೆ. ಅಂದರೆ ನಗರವು ತನ್ನ ಬೆಂಕಿ ಆರಿಸುವ ವ್ಯವಸ್ಥೆಯ ಅರ್ಧ ಭಾಗವನ್ನು ಖಾಸಗಿ ಗೋಡೆಗಳ ಒಳಗೆ ಇಟ್ಟಿದೆ. ಠಾಣೆಯಿಂದ ಹೊರಡುವ ಸಿಬ್ಬಂದಿ ಆ ಅರ್ಧವನ್ನು ನಂಬಿಕೊಂಡೇ ಹೊರಡುತ್ತಾರೆ. ಅದು ಕೆಟ್ಟಿದ್ದರೆ ಸಾಯುವವರು ಅದರ ಮಾಲೀಕರು ಮಾತ್ರವಲ್ಲ. ಪಕ್ಕದ ಕಟ್ಟಡದವರು, ಬಾಡಿಗೆದಾರರು, ಮನೆಗೆಲಸಕ್ಕೆ ಬಂದವರು, ಬೆಂಕಿ ಆರಿಸಲು ಬಂದವರು ಎಲ್ಲರೂ ಅದೇ ಪೈಪಿಗೆ ಜೀವ ಒಪ್ಪಿಸಿರುತ್ತಾರೆ. ಇದನ್ನು ಖಾಸಗಿ ವಿಷಯ ಎನ್ನುವುದು ಹೇಗೆ?

ರಾಜ್ಯದ ಅಗ್ನಿಶಾಮಕ ಇಲಾಖೆ 90 ಮೀಟರ್ ಎತ್ತರದ ಏಣಿಯ ವಾಹನ ತರಿಸಿದಾಗ ಸಂಭ್ರಮಪಟ್ಟೆವು. ಏಣಿ ಬೇಕು, ಬೇಡವೆನ್ನುವುದಿಲ್ಲ. ಆದರೆ ಅದು ನಿಲ್ಲಲು ಗಟ್ಟಿಯಾದ ಅಗಲ ಜಾಗ ಬೇಕು, ಕಾರು ನಿಲ್ಲಿಸಿದ ಓಣಿಗಳನ್ನು ದಾಟಿ ಬರಬೇಕು. ಕಟ್ಟಡದ ಒಳಗಿನ ಕೋಣೆಗೆ ಹತ್ತಿದ ಬೆಂಕಿಯನ್ನು ಆರಿಸಬೇಕಾದದ್ದು ಆ ಮಹಡಿಯ ವಾಲ್ವಿನಿಂದಲೇ.

ಈ ವಾಲ್ವ್ ಹೇಗೆ ಸಾಯುತ್ತದೆ ಎಂಬುದನ್ನು ವಿವರವಾಗಿ ಹೇಳಬೇಕು. ಎಲ್ಲರಿಗೂ ಪ್ರಮಾಣಪತ್ರ ಗೊತ್ತು, ಪಂಪ್ ರೂಮ್ ಗೊತ್ತಿಲ್ಲ. ಹೈಡ್ರಂಟ್ ಲೈನಿನಲ್ಲಿ ನೀರು ಸದಾ ಒತ್ತಡದಲ್ಲಿ ನಿಂತಿರಬೇಕು. ಆ ಒತ್ತಡ ಚೂರು ಇಳಿದರೆ ತುಂಬಿಕೊಡಲು ಒಂದು ಸಣ್ಣ ಪಂಪ್ ಇದೆ, ಜಾಕಿ ಪಂಪ್. ಯಾರಾದರೂ ವಾಲ್ವ್ ತೆರೆದು ಒತ್ತಡ ದಿಢೀರನೆ ಕುಸಿದರೆ ದೊಡ್ಡ ಪಂಪ್ ತಾನಾಗಿಯೇ ಶುರುವಾಗಬೇಕು; ಕರೆಂಟ್ ಹೋಗಿದ್ದರೆ ಡೀಸೆಲ್ ಪಂಪ್. ಕಟ್ಟಿದ ಹೊಸದರಲ್ಲಿ ಎಲ್ಲ ಸರಿಯಿರುತ್ತದೆ. ನಾಲ್ಕೈದು ವರ್ಷಕ್ಕೆ ನೆಲದಡಿಯ ಪೈಪ್ ಎಲ್ಲೋ ತುಕ್ಕು ಹಿಡಿದು ಜಿನುಗತೊಡಗುತ್ತದೆ. ಒತ್ತಡ ಇಳಿಯುತ್ತದೆ, ಜಾಕಿ ಪಂಪ್ ಐದೈದು ನಿಮಿಷಕ್ಕೆ ಎದ್ದು ಗುಡುಗುತ್ತದೆ. ಕೆಳ ಮಹಡಿಯವರಿಗೆ ರಾತ್ರಿ ನಿದ್ದೆಯಿಲ್ಲ, ಬೆಸ್ಕಾಂ ಬಿಲ್ ಏರುತ್ತದೆ. ನೆಲ ಅಗೆದು ಸೋರಿಕೆ ಹುಡುಕಲು ಲಕ್ಷಗಳ ಮಾತು ಬರುತ್ತದೆ, ಸಭೆಯಲ್ಲಿ ಜಗಳವಾಗುತ್ತದೆ. ಕೊನೆಗೆ ಎಲೆಕ್ಟ್ರಿಷಿಯನ್ ಪ್ಯಾನೆಲ್ ಹತ್ತಿರ ಹೋಗಿ ಸ್ವಿಚ್ಚನ್ನು ಆಟೋದಿಂದ ಮ್ಯಾನುಯಲ್‌ಗೆ ತಿರುಗಿಸಿ ಬರುತ್ತಾನೆ. ಸದ್ದು ನಿಂತಿತು, ಬಿಲ್ ಇಳಿಯಿತು, ಎಲ್ಲರಿಗೂ ಸಮಾಧಾನ. ಆ ಗಳಿಗೆಯಲ್ಲೇ ಇಡೀ ಕಟ್ಟಡದ ಹೈಡ್ರಂಟ್ ವ್ಯವಸ್ಥೆ ಸತ್ತಿತು. ಯಾವ ದಾಖಲೆಯಲ್ಲೂ ಅದರ ಸಾವು ಬರೆಯಲ್ಪಡುವುದಿಲ್ಲ. ಗೋಡೆಯ ಮೇಲೆ ಎನ್‌ಒಸಿ ತೂಗುತ್ತಿರುತ್ತದೆ, ಪೈಪಿನ ಕೆಂಪು ಬಣ್ಣ ಹೊಳೆಯುತ್ತಿರುತ್ತದೆ.

ಇದು ಒಬ್ಬ ಎಲೆಕ್ಟ್ರಿಷಿಯನ್ನನ ತಪ್ಪೆಂದು ನಾನು ಒಪ್ಪುವುದಿಲ್ಲ. ಅವನು ಎಲ್ಲರೂ ಬಯಸಿದ್ದನ್ನೇ ಮಾಡಿದ. ಸೋರಿಕೆ ಹುಡುಕಲೇಬೇಕೆಂದು ಹೊರಗಿನಿಂದ ಒಂದು ಕಟ್ಟಳೆ ಇದ್ದಿದ್ದರೆ, ವರ್ಷಕ್ಕೊಮ್ಮೆಯಾದರೂ ಪಂಪ್ ತಾನಾಗಿ ಶುರುವಾದದ್ದನ್ನು ತೋರಿಸಬೇಕಾಗಿದ್ದರೆ, ಸ್ವಿಚ್ ತಿರುಗಿಸುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಸ್ವಂತ ಹಿತಕ್ಕಾಗಿ ಜನ ತಾವೇ ನೋಡಿಕೊಳ್ಳುತ್ತಾರೆ ಎಂಬ ವಾದ ಇಲ್ಲಿ ಮುರಿದುಬೀಳುತ್ತದೆ. ಬೆಂಕಿ ಇಪ್ಪತ್ತು ವರ್ಷಕ್ಕೊಮ್ಮೆ ಬರಬಹುದು, ಬರದೆಯೂ ಇರಬಹುದು. ಸದ್ದು ಮಾತ್ರ ಪ್ರತಿ ರಾತ್ರಿ ಬರುತ್ತದೆ.

ಉಳಿದ ಕತೆಗಳು ಇಷ್ಟು ಉದ್ದದ್ದಲ್ಲ. ಹಿತ್ತಾಳೆಯ ನಾಝಲ್, ಹೋಸ್ ಕಪ್ಲಿಂಗ್‌ಗಳು ಗುಜರಿ ಅಂಗಡಿಗೆ ಹೋಗುತ್ತವೆ. ಕಳವಿನ ಭಯಕ್ಕೆ ಹೋಸ್ ಬಾಕ್ಸಿಗೆ ಬೀಗ ಬೀಳುತ್ತದೆ. ಬೀಗದ ಕೈ ಹಿಂದಿನ ಮ್ಯಾನೇಜರ್ ಜೊತೆ ಹೋಗುತ್ತದೆ. ಡೀಸೆಲ್ ಪಂಪಿನ ಬ್ಯಾಟರಿ ಚಾರ್ಜ್ ಇಳಿದು ಕೂತಿರುತ್ತದೆ. ಮಹಡಿಯ ವಾಲ್ವ್ ಎದುರಿಗೆ ಚಪ್ಪಲಿ ಸ್ಟ್ಯಾಂಡ್, ಹಳೆಯ ಸೈಕಲ್. ಗೇಟಿನ ಬಳಿ, ಅಗ್ನಿಶಾಮಕ ಗಾಡಿಯವರು ತಮ್ಮ ಹೋಸ್ ಜೋಡಿಸಿ ಕಟ್ಟಡದ ಪೈಪಿಗೆ ನೀರು ತುಂಬಬೇಕಾದ ಇನ್‌ಲೆಟ್ಟಿನ ಮುಚ್ಚಳ ಕಿತ್ತುಹೋಗಿ ಒಳಗೆ ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ. ಬೇಸಿಗೆಯಲ್ಲಿ ಕಾವೇರಿ ನೀರು ಕಡಿಮೆಯಾದಾಗ ಬೆಂಕಿಗೆಂದು ಇಟ್ಟ ಸಂಪಿಗೂ ಮೋಟಾರ್ ಹಚ್ಚಿ ಮನೆಗಳಿಗೆ ಬಿಡುತ್ತಾರೆ, ಮಳೆ ಬಂದ ಮೇಲೂ ಅದನ್ನು ಮತ್ತೆ ತುಂಬುವ ನೆನಪು ಯಾರಿಗೂ ಇರುವುದಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವರ ಬಗ್ಗೆ ಗಾದೆ ಇದೆ. ನಾವು ಮೊದಲೇ ಬಾವಿ ತೋಡಿಸಿ, ಹಗ್ಗ ಕೊಳೆಯಲು ಬಿಟ್ಟವರು.

‘ಎಎಂಸಿ ಇದೆಯಲ್ಲ’ ಎನ್ನುವವರಿಗೆ ಒಂದು ಪ್ರಶ್ನೆ. ಎಎಂಸಿಯವರು ಬಂದು ಹೋದ ದಿನ ಅತಿ ಮೇಲಿನ ಮಹಡಿಯ ವಾಲ್ವಿನಿಂದ ನೀರು ಹರಿದದ್ದನ್ನು ಕಟ್ಟಡದ ಒಬ್ಬರಾದರೂ ಕಣ್ಣಾರೆ ನೋಡಿದ್ದಾರೆಯೇ? ಸಾಮಾನ್ಯವಾಗಿ ಪಂಪ್ ರೂಮಿನ ಗೇಜ್ ನೋಡಿ, ರಿಜಿಸ್ಟರಿನಲ್ಲಿ ಸರಿ ಗುರುತು ಹಾಕಿ, ಸಹಿ ಪಡೆದು ಹೋಗುತ್ತಾರೆ. ನಿಂತ ನೀರಿನ ಒತ್ತಡ ಮೋಸ ಮಾಡುತ್ತದೆ. ನಡುವೆ ಎಲ್ಲೋ ಒಂದು ವಾಲ್ವ್ ಮುಕ್ಕಾಲು ಮುಚ್ಚಿಕೊಂಡಿದ್ದರೂ, ಪೈಪಿನ ಒಳಗೆ ತುಕ್ಕು ಗಡ್ಡೆ ಕಟ್ಟಿದ್ದರೂ ನೀರು ನಿಂತಿರುವಾಗ ಗೇಜ್ ಚೆನ್ನಾಗಿಯೇ ತೋರಿಸುತ್ತದೆ. ವಾಲ್ವ್ ತೆರೆದು ನೀರು ಹರಿಯಲು ಬಿಟ್ಟಾಗ ಮಾತ್ರ ಮುಳ್ಳು ಕುಸಿದು ನಿಜ ಹೇಳುತ್ತದೆ. ಹರಿಸಿ ನೋಡದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಇದಕ್ಕೆ ತೆತ್ತ ಬೆಲೆ ದಾಖಲಾಗಿದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1991ರ ಫೆಬ್ರುವರಿ 23ರ ರಾತ್ರಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಚೇರಿ ಕಟ್ಟಡದ 22ನೇ ಮಹಡಿಗೆ ಬೆಂಕಿ ಹತ್ತಿತು. ಅಲ್ಲಿ ರೈಸರ್ ಇತ್ತು, ವಾಲ್ವ್ ಇತ್ತು. ಆದರೆ ಒತ್ತಡ ತಗ್ಗಿಸುವ ವಾಲ್ವುಗಳನ್ನು ಸರಿಯಾಗಿ ಹೊಂದಿಸಿರಲಿಲ್ಲ. ಅಗ್ನಿಶಾಮಕ ಸಿಬ್ಬಂದಿ ಹೋಸ್ ಜೋಡಿಸಿ ತೆರೆದರೆ ಬೆಂಕಿಗೆ ತಲುಪದ ದುರ್ಬಲ ಧಾರೆ. ಅಂದು ಮೂವರು ಅಗ್ನಿಶಾಮಕರು ಸತ್ತರು. ಮಹಡಿಯಿಂದ ಮಹಡಿಗೆ ಏರುತ್ತ ಹೋದ ಬೆಂಕಿಯನ್ನು ಕೊನೆಗೆ ತಡೆದದ್ದು 30ನೇ ಮಹಡಿಯಲ್ಲಿದ್ದ ಹತ್ತು ಸ್ಪ್ರಿಂಕ್ಲರ್‌ಗಳು. ಪ್ರತಿ ವಾಲ್ವಿನ ಧಾರೆಯನ್ನು ಯಾರಾದರೂ ಮೊದಲೇ ಹರಿಸಿ ಅಳೆದಿದ್ದರೆ ಆ ದೋಷ ಬೆಂಕಿಗೆ ಮುಂಚೆಯೇ ಬಯಲಾಗುತ್ತಿತ್ತು. ನಮ್ಮಲ್ಲಿ ಅದೇ ಫೆಬ್ರುವರಿ 23ರಂದು, 2010ರಲ್ಲಿ, ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ ಒಂಬತ್ತು ಜನ ಸತ್ತರು. ದಾರಿ ಕಾಣದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಅದು ಏಳು ಅಂತಸ್ತಿನ ಕಟ್ಟಡ. ಇಂದು ಬೆಂಗಳೂರಿನಲ್ಲಿ ಅಷ್ಟು ಎತ್ತರವನ್ನು ಎತ್ತರವೆಂದು ಯಾರೂ ಎಣಿಸುವುದಿಲ್ಲ.

ಕಾರ್ಲ್‌ಟನ್ ನಂತರ ನೊಂದ ಕುಟುಂಬಗಳು ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿಕೊಂಡು ಬೆನ್ನು ಬಿಡದೆ ಹೋರಾಡಿದವು. 1964ರ ಅಗ್ನಿಶಾಮಕ ದಳ ಕಾಯ್ದೆಯಡಿ 2011ರಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿ ಎತ್ತರದ ಕಟ್ಟಡಗಳ ಮಾಲೀಕರು ಮತ್ತು ಅಲ್ಲಿರುವವರ ಮೇಲೆ ಹೊಣೆ ಹೊರಿಸಿತು. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಂತೆ ಪಂಪು, ಟ್ಯಾಂಕು, ಪೈಪುಗಳು ಎಲ್ಲ ಮಾಲೀಕರ ಸಾಮಾನ್ಯ ಸ್ವತ್ತು. ಅದನ್ನು ಸುಸ್ಥಿತಿಯಲ್ಲಿಡುವುದು ಅಸೋಸಿಯೇಷನ್ನಿನ ಕರ್ತವ್ಯ, ಬಿಲ್ಡರನ ಕಾಲ ಮುಗಿದಿದೆ. ತಾಂತ್ರಿಕ ಜ್ಞಾನಕ್ಕೂ ಕೊರತೆಯಿಲ್ಲ. ಕಟ್ಟಡದೊಳಗಿನ ಹೈಡ್ರಂಟ್ ಮತ್ತು ಹೋಸ್ ರೀಲ್‌ಗಳ ಸ್ಥಾಪನೆ, ನಿರ್ವಹಣೆಗೆ ಭಾರತೀಯ ಮಾನಕ 3844 ಇದೆ, ಹೊರಗಿನವುಗಳಿಗೆ 13039 ಇದೆ. ನಮ್ಮ ಊರುಗಳಿಗೆ ಬೇಕಾಗಿರುವುದು ಇವನ್ನೆಲ್ಲ ನೆಲಕ್ಕಿಳಿಸುವ ಒಂದು ಸ್ಥಳೀಯ ಕಟ್ಟಳೆ. ನೀರು ಬಂದದ್ದನ್ನು ತೋರಿಸಿ, ಬಂದ ಒತ್ತಡವನ್ನು ಬರೆದು, ಅದನ್ನು ಎಲ್ಲರಿಗೂ ಕಾಣುವಂತೆ ಇಡಿ ಎನ್ನುವ ಕಟ್ಟಳೆ. ಅಮೆರಿಕದ ಅನೇಕ ಪಟ್ಟಣಗಳಲ್ಲಿ ಖಾಸಗಿ ಹೈಡ್ರಂಟ್ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ತೆರೆದು ನೀರು ತಿಳಿಯಾಗುವವರೆಗೆ, ಕಡಿಮೆಯೆಂದರೆ ಒಂದು ನಿಮಿಷ, ಹರಿಸಿ ನೋಡಬೇಕು, ಸ್ಥಳೀಯ ಅಗ್ನಿಶಾಮಕ ಅಧಿಕಾರಿಗೆ ವರದಿ ಒಪ್ಪಿಸಬೇಕು. ಎನ್‌ಎಫ್‌ಪಿಎ 25 ಎಂಬ ಮಾನಕವನ್ನು ಪಟ್ಟಣಗಳು ತಮ್ಮ ನಿಯಮವಾಗಿ ಮಾಡಿಕೊಂಡದ್ದರ ಫಲ ಇದು. ಖಾಸಗಿ ಆಸ್ತಿಯ ಹಕ್ಕನ್ನು ಅಷ್ಟು ಮೇಲೆ ಇಟ್ಟುಕೊಳ್ಳುವ ದೇಶದಲ್ಲೂ ಹೈಡ್ರಂಟನ್ನು ಖಾಸಗಿ ವಿಷಯವೆಂದು ಬಿಟ್ಟಿಲ್ಲ.

ಈಗ ವಿರೋಧಿಗಳ ಅತ್ಯಂತ ಬಲವಾದ ವಾದಕ್ಕೆ ಬರುತ್ತೇನೆ. ನಿಯಮ ಹೆಚ್ಚಾದಷ್ಟೂ ಇನ್ಸ್‌ಪೆಕ್ಟರ್ ರಾಜ್ಯ ಬೆಳೆಯುತ್ತದೆ, ಸಹಿಗೊಂದು ದರ ನಿಗದಿಯಾಗುತ್ತದೆ ಎನ್ನುತ್ತಾರೆ. ಈ ಭಯ ಸುಳ್ಳಲ್ಲ. ನಮ್ಮ ಕಚೇರಿಗಳನ್ನು ಬಲ್ಲ ಯಾರೂ ಇದನ್ನು ತಳ್ಳಿಹಾಕಲಾರರು. ಮಹಾರಾಷ್ಟ್ರದ ಅನುಭವವೂ ಎಚ್ಚರಿಕೆ ಹೇಳುತ್ತದೆ. ಅಲ್ಲಿ 2006ರ ಅಗ್ನಿ ತಡೆ ಮತ್ತು ಜೀವರಕ್ಷಣಾ ಕಾಯ್ದೆಯಂತೆ ಪ್ರತಿ ಜನವರಿ ಮತ್ತು ಜುಲೈಯಲ್ಲಿ, ಪರವಾನಗಿ ಪಡೆದ ಏಜೆನ್ಸಿಯಿಂದ ‘ಫಾರ್ಮ್ ಬಿ’ ಎಂಬ ಪ್ರಮಾಣಪತ್ರ ಸಲ್ಲಿಸಬೇಕು. ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬುದು ಅದರ ಒಕ್ಕಣೆ. ಹೀಗಿದ್ದೂ 2021ರ ಅಕ್ಟೋಬರಿನಲ್ಲಿ ಮುಂಬೈನ ಕರಿ ರೋಡ್ ಬಳಿಯ ಗಗನಚುಂಬಿಯೊಂದರ 19ನೇ ಮಹಡಿಗೆ ಬೆಂಕಿ ಬಿದ್ದಾಗ ಕಟ್ಟಡದ ವ್ಯವಸ್ಥೆ ಕೆಲಸ ಮಾಡುತ್ತಿರಲಿಲ್ಲವೆಂದು ಅಗ್ನಿಶಾಮಕ ದಳ ಹೇಳಬೇಕಾಯಿತು. ಬಾಲ್ಕನಿಯಿಂದ ಜೋತುಬಿದ್ದ ಕಾವಲುಗಾರನೊಬ್ಬ ಕೈಜಾರಿ ಬಿದ್ದು ಸತ್ತ. ಊರೆಲ್ಲ ಆ ದೃಶ್ಯವನ್ನು ಮೊಬೈಲಿನಲ್ಲಿ ನೋಡಿತು.

ಇದರಿಂದ ನಿಯಮವೇ ಬೇಡ ಎಂಬ ತೀರ್ಮಾನಕ್ಕೆ ಜಿಗಿಯುವವರು ದಾರಿ ತಪ್ಪುತ್ತಾರೆ. ಅಲ್ಲಿ ಸೋತದ್ದು ಸಹಿಯನ್ನು ಸಾಕ್ಷಿಯೆಂದು ಒಪ್ಪಿಕೊಂಡ ಪದ್ಧತಿ. ಏಜೆನ್ಸಿ ಸಹಿ ಹಾಕುತ್ತದೆ, ಅಸೋಸಿಯೇಷನ್ ಹಣ ಕೊಡುತ್ತದೆ, ಇಲಾಖೆ ಫೈಲಿಗೆ ಸೇರಿಸುತ್ತದೆ. ಮೂವರಲ್ಲಿ ಯಾರಿಗೂ ವಾಲ್ವ್ ತೆರೆಯುವ ಅಗತ್ಯ ಬೀಳುವುದಿಲ್ಲ. ಲಂಚ ಹುಟ್ಟುವುದು ಒಬ್ಬನೇ ಅಧಿಕಾರಿ ಮುಚ್ಚಿದ ಬಾಗಿಲ ಹಿಂದೆ ಹೂಂ ಅಥವಾ ಊಹೂಂ ಎನ್ನಬಲ್ಲ ಜಾಗದಲ್ಲಿ. ಪರೀಕ್ಷೆಯನ್ನು ಭಾನುವಾರ ಬೆಳಿಗ್ಗೆ ನಿವಾಸಿಗಳೆದುರು ಮಾಡಿ, ಮೇಲಿನ ಮಹಡಿಯ ಹರಿವಿನ ಒತ್ತಡವನ್ನು ಲಿಫ್ಟ್ ಪಕ್ಕದ ಬೋರ್ಡಿನಲ್ಲಿ ಬರೆದು, ವಿಡಿಯೋವನ್ನು ಪಾಲಿಕೆಯ ಜಾಲತಾಣಕ್ಕೆ ಏರಿಸಿಬಿಟ್ಟರೆ ಮಾರಲು ಯಾರ ಬಳಿ ಏನು ಉಳಿಯುತ್ತದೆ? ಇಲಾಖೆ ಪ್ರತಿ ಕಟ್ಟಡಕ್ಕೂ ಹೋಗಬೇಕಿಲ್ಲ. ಚೀಟಿ ಎತ್ತಿ ಆರಿಸಿದ ಕೆಲವು ಕಟ್ಟಡಗಳಿಗೆ ಮುನ್ಸೂಚನೆಯಿಲ್ಲದೆ ಹೋಗಿ, ಒಂದು ವಾಲ್ವ್ ತೆರೆಸಿ, ಬರೆದ ಅಂಕಿಗೂ ಬಂದ ನೀರಿಗೂ ತಾಳೆ ನೋಡಿದರೆ ಸಾಕು. ತಾಳೆಯಾಗದಿದ್ದರೆ ಸಹಿ ಹಾಕಿದ ಏಜೆನ್ಸಿಯ ಪರವಾನಗಿ ಹೋಗಬೇಕು. ಹತ್ತಿರದ ಠಾಣೆಯ ಸಿಬ್ಬಂದಿಗೂ ಇದರಿಂದ ಲಾಭವಿದೆ. ಇನ್‌ಲೆಟ್ ಎಲ್ಲಿದೆ, ಗಾಡಿ ಯಾವ ಗೇಟಿನಿಂದ ಒಳಬರಬಹುದು, ಪಂಪ್ ರೂಮಿನ ಬೀಗ ಯಾರ ಕೈಯಲ್ಲಿದೆ ಎಂಬುದನ್ನು ಅವರು ಬೆಂಕಿಯ ರಾತ್ರಿಯಲ್ಲಿ ಹುಡುಕುತ್ತ ನಿಲ್ಲಬೇಕಾಗುವುದಿಲ್ಲ.

ನೀರು ಪೋಲಾಗುತ್ತದೆ ಎಂಬ ಆಕ್ಷೇಪವನ್ನು 2024ರ ಬೇಸಿಗೆ ಕಂಡ ಊರಿನಲ್ಲಿ ಹಗುರವಾಗಿ ಕಾಣಬಾರದು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಜಲಮಂಡಳಿ ಐದು ಸಾವಿರ ರೂಪಾಯಿ ದಂಡ ಹಾಕಿದ ಬೇಸಿಗೆ ಅದು. ಆದರೆ ಲೆಕ್ಕ ಹಾಕಿ. ಮೇಲಿನ ಮಹಡಿಯ ಒಂದು ನಾಝಲನ್ನು ಎರಡು ನಿಮಿಷ ಹರಿಸಿದರೆ ಸಾವಿರ ಲೀಟರ್. ಆರು ಸಾವಿರ ಲೀಟರಿನ ಒಂದು ಟ್ಯಾಂಕರಿನ ಆರನೇ ಒಂದು ಪಾಲು, ಅದೂ ವರ್ಷಕ್ಕೊಮ್ಮೆ ಅಥವಾ ಎರಡು ಬಾರಿ. ಟೆರೇಸಿನಲ್ಲಿ ಹರಿಸಿದರೆ ಅದನ್ನು ಮಳೆನೀರಿನ ಪೈಪಿನ ಮೂಲಕ ಇಂಗುಗುಂಡಿಗೋ ಸಂಪಿಗೋ ಇಳಿಸಬಹುದು. ಪಂಪಿನ ವಾರದ ಪರೀಕ್ಷೆಯ ನೀರು ಮರಳಿ ಟ್ಯಾಂಕಿಗೇ ಬೀಳುವಂತೆ ಲೈನ್ ಹಾಕುವುದು ಕಷ್ಟದ ಕೆಲಸವೇನಲ್ಲ. ಬೆಂಕಿಯ ಟ್ಯಾಂಕ್ ಮೊದಲು ತುಂಬಿ, ಅಲ್ಲಿಂದ ಉಕ್ಕಿದ ನೀರು ಮನೆಬಳಕೆಯ ಟ್ಯಾಂಕಿಗೆ ಹೋಗುವ ಹಾಗೆ ಕಟ್ಟಿದರೆ ನೀರು ಕೊಳೆಯುವುದೂ ಇಲ್ಲ, ಬೆಂಕಿಯ ಪಾಲು ಖಾಲಿಯಾಗುವುದೂ ಇಲ್ಲ. ಸಂಹಿತೆಯೇ ಇದನ್ನು ಹೇಳಿದೆ.

ಖರ್ಚಿನ ಮಾತಿಗೆ ಉದ್ದ ಉತ್ತರ ಬೇಕಿಲ್ಲ. ಲಾಬಿಗೆ ಗ್ರಾನೈಟ್ ಹಾಕಿಸಲು, ಕ್ಲಬ್ ಹೌಸ್ ನವೀಕರಿಸಲು ಒಪ್ಪುವ ಸಭೆ ಸೋರುವ ಪೈಪನ್ನು ಬದಲಿಸಲು ಹಿಂದೇಟು ಹಾಕುತ್ತದೆ. ಕಾಣುವುದಕ್ಕೆ ಹಣವಿದೆ, ಕಾಣದ್ದಕ್ಕಿಲ್ಲ. ಕಟ್ಟಳೆಯೊಂದು ಆ ಕಾಣದ್ದನ್ನು ಸಭೆಯ ಮುಂದೆ ತಂದು ನಿಲ್ಲಿಸುತ್ತದೆ.

ಪರೀಕ್ಷೆಯ ದಿನ ಇನ್ನೊಂದು ಕೆಲಸ ಆಗಬೇಕು, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಬೆಂಕಿ ಕಂಡಾಗ ಮೊದಲು ಹೋಸ್ ಬಾಕ್ಸ್ ತೆರೆಯಬೇಕಾದವನು ರಾತ್ರಿ ಪಾಳಿಯ ಸೆಕ್ಯುರಿಟಿ. ಅಸ್ಸಾಮಿನಿಂದಲೋ ಒಡಿಶಾದಿಂದಲೋ ಬಂದ ಹುಡುಗ, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿರುತ್ತದೆ. ಬಾಕ್ಸಿನ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದು ಅವನಿಗೆ ಓದಲು ಬರುವುದಿಲ್ಲ. ಮೂರೂವರೆ ಕೆಜಿ ಒತ್ತಡದ ನಾಝಲ್ ಹಿಡಿದವನನ್ನು ಇಪ್ಪತ್ತು ಕಿಲೋಗೂ ಹೆಚ್ಚು ಬಲದಲ್ಲಿ ಹಿಂದಕ್ಕೆ ತಳ್ಳುತ್ತದೆ. ವಾಲ್ವ್ ತಿರುಗಿಸಲು ಒಬ್ಬ, ನಾಝಲ್ ಹಿಡಿಯಲು ಇಬ್ಬರು ಬೇಕು ಎಂಬುದನ್ನು ಒಮ್ಮೆಯೂ ಕೈಯಾರೆ ಮಾಡಿ ನೋಡದವನಿಂದ ನಾವು ಇಡೀ ಕಟ್ಟಡದ ಪ್ರಾಣ ಕಾಯುವ ನಿರೀಕ್ಷೆ ಇಟ್ಟುಕೊಂಡಿದ್ದೇವೆ. ಹೋಸ್ ಬಿಚ್ಚಿ ಹರಿಸುವ ದಿನ ಈ ಹುಡುಗರ ಕೈಗೆ ನಾಝಲ್ ಕೊಡಬೇಕು, ಅವರ ಭಾಷೆಯಲ್ಲಿ ಹೇಳಿಕೊಡಬೇಕು. ಅವರು ಬದಲಾಗುತ್ತಲೇ ಇರುವುದರಿಂದ ಪ್ರತಿ ಬಾರಿಯೂ ಹೇಳಿಕೊಡಬೇಕು.

ಬೆಂಗಳೂರಿಗೆ ಈಗ ಐದು ಪಾಲಿಕೆಗಳಾಗಿವೆ, ಅವು ತಮ್ಮ ನಿಯಮಾವಳಿಗಳನ್ನು ರೂಪಿಸಿಕೊಳ್ಳುವ ಹೊತ್ತು ಇದು. ಮಂಗಳೂರಿನ ಗುಡ್ಡಗಳ ಮೇಲೂ ಇಪ್ಪತ್ತು ಮೂವತ್ತು ಅಂತಸ್ತಿನ ಕಟ್ಟಡಗಳು ಎದ್ದಿವೆ. ಕಡಲ ಉಪ್ಪುಗಾಳಿಗೆ ಅಲ್ಲಿಯ ಪೈಪು, ವಾಲ್ವುಗಳು ಇನ್ನೂ ಬೇಗ ತುಕ್ಕು ಹಿಡಿಯುತ್ತವೆ. ಮೈಸೂರು, ಹುಬ್ಬಳ್ಳಿಗಳೂ ಮೇಲಕ್ಕೆ ಬೆಳೆಯುತ್ತಿವೆ. ಈ ಪಾಲಿಕೆಗಳು ಬರೆಯಬೇಕಾದದ್ದು ನಾಲ್ಕು ಸಾಲು: ಹೈಡ್ರಂಟ್ ಇರುವ ಪ್ರತಿ ಖಾಸಗಿ ಕಟ್ಟಡವೂ ವರ್ಷಕ್ಕೊಮ್ಮೆ, ಆಸ್ತಿ ತೆರಿಗೆ ಕಟ್ಟುವ ಮುನ್ನ, ನಿವಾಸಿಗಳ ಎದುರಿನಲ್ಲಿ ಅತಿ ಮೇಲಿನ ಮತ್ತು ಅತಿ ದೂರದ ವಾಲ್ವನ್ನು ತೆರೆದು ನೀರು ಹರಿಸಬೇಕು. ಪಂಪ್ ತಾನಾಗಿ ಶುರುವಾಯಿತೇ, ಕರೆಂಟ್ ತೆಗೆದಾಗ ಡೀಸೆಲ್ ಪಂಪ್ ಎದ್ದಿತೇ, ಹರಿಯುವ ನೀರಿನ ಒತ್ತಡ ಎಷ್ಟು ಎಂಬುದನ್ನು ಕಟ್ಟಡದ ಬಾಗಿಲಿನಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು. ಮೂರೂವರೆ ಕೆಜಿಗೆ ಕಡಿಮೆ ಬಂದರೆ ಮೂವತ್ತು ದಿನದೊಳಗೆ ಸರಿಪಡಿಸಿ ಮತ್ತೆ ಹರಿಸಬೇಕು. ಅಲ್ಲಿಯವರೆಗೆ ಆ ಕಟ್ಟಡದಲ್ಲಿ ನೀರಿಲ್ಲವೆಂಬ ಮಾಹಿತಿ ಹತ್ತಿರದ ಅಗ್ನಿಶಾಮಕ ಠಾಣೆಯ ಬೋರ್ಡಿನಲ್ಲಿರಬೇಕು.